ಕಥೆ ಗೊತ್ತಿದ್ದ ಮೇಲೆ ಹಿಂದಿ ಸಿನಿಮಾದಲ್ಲಿ ಇನ್ನೇನು ನೋಡೋದು?

ಇಂಟರ್‌ವಲ್:
'ಶೋಲೆ' (1975) ಮೂರನೇ ಸಲ ಹಾಕಿದರೂ ಕಣ್ಣು ಕಥೆಯ ಹಿಂದೆಯೇ ಓಡುತ್ತೆ. ಡೈಲಾಗು ಬಾಯಿಪಾಠ, ಉಳಿದದ್ದು ಸೊನ್ನೆ. ನೋಡಿದಷ್ಟೂ ಪದರ ಬಿಚ್ಚಿಕೊಳ್ಳುತ್ತೆ ಅಂತಾರಲ್ಲ, ಯಾವುದನ್ನು ಹಿಡಿದು ನೋಡಬೇಕು?

ಗಾಂಧಿಕ್ಲಾಸ್:
ಕೊನೆಗೆ ಬಯಲಾಗುವ ಗುಟ್ಟನ್ನು ಹಿಡಿದು ಹಿಂದಕ್ಕೆ ಬನ್ನಿ. ಇಬ್ಬರು ನಾಯಕರಲ್ಲಿ ಒಬ್ಬನಾದ ಜೈ ಟಾಸ್ ಹಾಕುವ ನಾಣ್ಯಕ್ಕೆ ಎರಡೂ ಕಡೆ ಒಂದೇ ಮುಖ ಅನ್ನೋದು ಅವನು ಸತ್ತಾಗ ತಾನೇ ತಿಳಿಯೋದು? ಈಗ ಮೊದಲ ರೈಲಿನ ದೃಶ್ಯ ಹಾಕಿ. ಗಾಯಗೊಂಡ ಪೊಲೀಸ್ ಅಧಿಕಾರಿ ಠಾಕೂರನನ್ನು ಬಿಟ್ಟು ಓಡೋದಾ, ಆಸ್ಪತ್ರೆಗೆ ಸೇರಿಸೋದಾ ಅನ್ನೋ ಟಾಸ್ ಅದೃಷ್ಟದ ಆಟವೇ ಅಲ್ಲ, ಜೈ ಮಾಡಿದ ತೀರ್ಮಾನ.

ಠಾಕೂರನ ಶಾಲೂ ಹಾಗೇ. ಆ ರೈಲಿನಲ್ಲಿ ಬಂದೂಕು ಹಿಡಿದಿದ್ದ ಕೈ, ಊರಿಗೆ ಬಂದ ಮೇಲೆ ಕಾಣೋದೇ ಇಲ್ಲ. ಹೋಳಿ ದಿನದ ದಾಳಿಯಲ್ಲಿ ಬಿದ್ದ ಬಂದೂಕನ್ನು ಎತ್ತಿಕೊಡದಿದ್ದಾಗ ಮೊದಲ ಸಲ ನಮಗೂ ಸಿಟ್ಟು ಬರುತ್ತೆ. ಡಕಾಯಿತ ಗಬ್ಬರ್ ಆ ಕೈಗಳನ್ನೇ ಕಡಿದಿದ್ದಾನೆ ಅಂತ ಗೊತ್ತಿರೋದರಿಂದ ಮುಂದಿನ ಸಲ ಆ ಸಿಟ್ಟು ಇರಲ್ಲ. ಆಗ ಆ ಶಾಲನ್ನು ಎಷ್ಟು ಹೊತ್ತಿನಿಂದ ಕಣ್ಣೆದುರೇ ಇಟ್ಟಿದ್ದರು ಅಂತ ಗೊತ್ತಾಗುತ್ತೆ.

ರೀಲುಡಬ್ಬಿ:
ಇದೆಲ್ಲ ಕಣ್ಣಿನ ಕೆಲಸ. ಹತ್ತು ನಿಮಿಷದ ತುಂಡು ಆರಿಸಿ, ಒಮ್ಮೆ ಪರದೆಗೆ ಬೆನ್ನು ಹಾಕಿ ಕೇಳಿ, ಒಮ್ಮೆ ಮ್ಯೂಟ್ ಮಾಡಿ ನೋಡಿ. ಠಾಕೂರನ ಮನೆಯವರ ಹತ್ಯೆಯಲ್ಲಿ ಉಯ್ಯಾಲೆ ಕಿರುಗುಟ್ಟುವುದು, ಗಬ್ಬರ್ ಪ್ರವೇಶದಲ್ಲಿ ಬಂಡೆಗೆ ತಾಗುವ ಬೂಟು, ಬೆಲ್ಟಿನ ಸದ್ದು. ಮ್ಯೂಟ್ ಮಾಡಿದರೆ ಅರ್ಧ ಭಯ ಅಲ್ಲೇ ಇಳಿಯುತ್ತೆ.

ಎರಡನೇ ಸಲ ಸಬ್‌ಟೈಟಲ್ ಬೇಡ. ಕಣ್ಣು ಅಕ್ಷರಕ್ಕೆ ಅಂಟಿಕೊಂಡರೆ ನಟನ ಮುಖ ತಪ್ಪಿಹೋಗುತ್ತೆ. ಹಾಡು ಬಂದಾಗ ಮಾತ್ರ ಹಾರಿಸಿ ಮುಂದಕ್ಕೆ ಹೋಗಬೇಡಿ, ದಯವಿಟ್ಟು. 'ಪ್ಯಾಸಾ'ದಲ್ಲಿ (1957) ನಾಯಕನೇ ಕವಿ, ಸಾಹಿರ್ ಲುಧಿಯಾನ್ವಿ ಸಾಲುಗಳೇ ಅವನ ಮಾತು. ಉರ್ದು ಪದಗಳ ಅರ್ಥ ಮೊದಲೇ ಓದಿಟ್ಟುಕೊಳ್ಳಿ.

ಮೊದಲಸಾಲು:
ಯಾವ ಪ್ರತಿ ಅನ್ನೋದನ್ನು ಯಾರೂ ಹೇಳಲಿಲ್ಲ. 'ಕಾಗಜ್ ಕೇ ಫೂಲ್' (1959) ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ. ಟೀವಿ ತುಂಬಲಿ ಅಂತ ಜೂಮ್ ಮಾಡಿದರೆ ಎರಡೂ ಅಂಚು ಮಾಯ. ಮೇಲೆ ಕೆಳಗೆ ಕಪ್ಪು ಪಟ್ಟಿ ಇದ್ದರೇ ಸರಿ. ಟೀವಿಯಲ್ಲಿ ಬಣ್ಣ, ಬೆಳಕು ಹೆಚ್ಚಿಸುವ 'ವಿವಿಡ್' ಮೋಡ್ ಕೂಡ ತೆಗೀರಿ. ಈ ಚಿತ್ರದ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ ಹೊರಗಿನ ಬಿಸಿಲನ್ನು ಕನ್ನಡಿ ಹಿಡಿದು ಸ್ಟುಡಿಯೊ ಕತ್ತಲೆಗೆ ಇಳಿಸಿದ್ದು, ಆ ಕತ್ತಲೆಯೇ ಬೂದು ಬಣ್ಣವಾದರೆ ಇನ್ನೇನು ಉಳಿಯಿತು?

'ಶೋಲೆ'ಯಲ್ಲೂ ಪ್ರತಿ ನೋಡಿಕೊಳ್ಳಿ. ಸೆನ್ಸಾರ್‌ಗಾಗಿ ಬದಲಿಸಿದ ಅಂತ್ಯದಲ್ಲಿ ಗಬ್ಬರ್ ಪೊಲೀಸರ ಪಾಲು, ಮೂಲದಲ್ಲಿ ಠಾಕೂರನೇ ಕೊಲ್ಲುತ್ತಾನೆ. ಶಾಲಿನ ಎಳೆ ಹಿಡಿದು ಹೊರಟವರು ಎರಡೂ ನೋಡಬೇಕು.

ಇಂಟರ್‌ವಲ್:
ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ದಿನ ಬಿಡಬೇಕು?

ಗಾಂಧಿಕ್ಲಾಸ್:
ಡೈಲಾಗು ಬಾಯಿಪಾಠ ಆಗಿದೆ ಅಂದಿರಲ್ಲ, ಕೆಲವು ತಿಂಗಳಾದರೂ ಬಿಡಿ. ಅಲ್ಲೀವರೆಗೆ ರೈಲಿನ ದೃಶ್ಯ ಒಂದನ್ನೇ, ಮ್ಯೂಟ್‌ನಲ್ಲಿ.