ಪದಚರ್ಚೆ: ಹಂಗೇರಿಯ ‘ಕನ್ಸರ್ವೇಟರಿ’, ‘ಸೋಲ್ಫೆಜ್’, ‘ಚೇಂಬರ್ ಮ್ಯೂಸಿಕ್’ – ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಹಂಗೇರಿಯ ಪಿಟೀಲು ವಾದಕರೊಬ್ಬರ ಪರಿಚಯವನ್ನು ಕಛೇರಿಯ ಕರಪತ್ರಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಮೊದಲು ಬುಡಾಪೆಸ್ಟಿನ ಬಾರ್ಟೋಕ್ ಕನ್ಸರ್ವೇಟರಿ, ಆಮೇಲೆ ಲಿಸ್ಟ್ ಅಕಾಡೆಮಿ ಎಂದಿದೆ. ಎರಡಕ್ಕೂ ‘ಸಂಗೀತ ಮಹಾವಿದ್ಯಾಲಯ’ ಎಂದರೆ ನಡೆದೀತೇ? ‘ಸೋಲ್ಫೆಜ್’ಗೆ ‘ಸ್ವರಾಭ್ಯಾಸ’, ‘ಚೇಂಬರ್ ಮ್ಯೂಸಿಕ್’ಗೆ ‘ಕೋಣೆ ಸಂಗೀತ’ ಎಂದು ಸದ್ಯಕ್ಕೆ ಹಾಕಿಕೊಂಡಿದ್ದೇನೆ, ಯಾವುದೂ ಸಮಾಧಾನ ತಂದಿಲ್ಲ. ತಿಳಿದವರು ಹೇಳಬೇಕು.

ಉತ್ತರ:

ಮೇಡಂ, ಎರಡಕ್ಕೂ ಒಂದೇ ಪದ ನಡೆಯುವುದಿಲ್ಲ. ಪ್ಯಾರಿಸ್ಸಿನಲ್ಲೋ ಮಾಸ್ಕೋದಲ್ಲೋ ಕನ್ಸರ್ವೇಟರಿ ಎಂದರೆ ಸಂಗೀತ ಶಿಕ್ಷಣದ ತುತ್ತತುದಿ. ಹಂಗೇರಿಯಲ್ಲಿ ಹಾಗಲ್ಲ. ಅಲ್ಲಿ ಮಕ್ಕಳು ಮೊದಲು ಊರಿನ ಸಂಗೀತ ಶಾಲೆಗೆ ಹೋಗುತ್ತಾರೆ. ಸಂಗೀತವನ್ನೇ ವೃತ್ತಿ ಮಾಡಿಕೊಳ್ಳುವವರು ಸುಮಾರು 14ರಿಂದ 18ರ ವಯಸ್ಸಿನಲ್ಲಿ ‘ಕೊನ್ಜೆರ್ವತೋರಿಯುಮ್’ ಸೇರುತ್ತಾರೆ. ಅಲ್ಲಿ ವಾದ್ಯ, ಸೋಲ್ಫೆಜ್, ಸಂಗೀತಶಾಸ್ತ್ರದ ಜೊತೆಗೆ ಗಣಿತ, ಚರಿತ್ರೆಯಂಥ ಶಾಲಾಪಾಠಗಳೂ ಇರುತ್ತವೆ. ಅದು ಮುಗಿದ ಮೇಲೆ ಪ್ರವೇಶ ಪರೀಕ್ಷೆ ಪಾಸಾದವರಿಗೆ ಲಿಸ್ಟ್ ಅಕಾಡೆಮಿ. ಹಾಗಾಗಿ ಬಾರ್ಟೋಕ್ ಕನ್ಸರ್ವೇಟರಿ ನಮ್ಮ ಲೆಕ್ಕದಲ್ಲಿ ಹೈಸ್ಕೂಲು ಮತ್ತು ಪಿಯುಸಿ ಸೇರಿದ ಮಟ್ಟದ್ದು. ‘ಸಂಗೀತ ಪ್ರೌಢಶಾಲೆ’ ಎನ್ನಿ.

ಇನ್ನು ‘ಅಕಾಡೆಮಿ’. ಕನ್ನಡದಲ್ಲಿ ‘ಸಂಗೀತ ಅಕಾಡೆಮಿ’ ಎಂದ ಕೂಡಲೇ ಓದುಗರ ಮನಸ್ಸಿಗೆ ಬರುವುದು ಪ್ರಶಸ್ತಿ ಕೊಡುವ, ಅಧ್ಯಕ್ಷರನ್ನು ಸರ್ಕಾರ ನೇಮಿಸುವ ಸಂಸ್ಥೆ. ‘ಲಿಸ್ಟ್ ಅಕಾಡೆಮಿಯಲ್ಲಿದ್ದರು’ ಎಂದು ಬರೆದರೆ ಸದಸ್ಯರಾಗಿದ್ದರೇನೋ ಅನ್ನಿಸಿಬಿಡುತ್ತದೆ. ಅದು 1875ರಲ್ಲಿ ಸಂಗೀತ ರಚನಕಾರ ಲಿಸ್ಟ್ ಅಧ್ಯಕ್ಷರಾಗಿ, ಫೆರೆಂತ್ಸ್ ಎರ್ಕೆಲ್ ನಿರ್ದೇಶಕರಾಗಿ ಆರಂಭವಾದ ಬೋಧನಾ ಸಂಸ್ಥೆ, ಈಗ ಪೂರ್ಣ ವಿಶ್ವವಿದ್ಯಾಲಯ. ‘ಲಿಸ್ಟ್ ಸಂಗೀತ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು’ ಎಂದರೆ ಗೊಂದಲವೇ ಇಲ್ಲ.

ಸೋಲ್ಫೆಜ್ ವಿಷಯ ಸ್ವಲ್ಪ ಉದ್ದ. ‘ಸ್ವರಾಭ್ಯಾಸ’ ಎಂದರೆ ನಮ್ಮವರಿಗೆ ಸರಳೆ, ಜಂಟಿ ವರಸೆ. ಸೋಲ್ಫೆಜ್ ತರಗತಿಯಲ್ಲಿ ನಡೆಯುವುದು ಬೇರೆ: ಹಿಂದೆಂದೂ ನೋಡದ ಸ್ವರಲಿಪಿಯನ್ನು ಕಂಡ ತಕ್ಷಣ ಹಾಡುವುದು, ಮೇಷ್ಟ್ರು ನುಡಿಸಿದ್ದನ್ನು ಕೇಳಿ ಲಿಪಿಯಲ್ಲಿ ಬರೆಯುವುದು, ಒಂದು ಎಳೆ ಹಾಡುತ್ತ ಇನ್ನೊಂದು ಎಳೆಯನ್ನು ನುಡಿಸುವುದು. ಇದರಲ್ಲಿ ಬರೆಯುವ ಭಾಗಕ್ಕೆ ನಮ್ಮ ಪದ್ಧತಿಯಲ್ಲಿ ಹೆಸರೇ ಇಲ್ಲ. ಆದ್ದರಿಂದ ‘ಸೋಲ್ಫೆಜ್’ ಎಂದೇ ಉಳಿಸಿ, ಮೊದಲ ಸಲ ಬಂದಾಗ ‘ಸ್ವರಲಿಪಿ ನೋಡಿ ಹಾಡುವ, ಕೇಳಿ ಬರೆಯುವ ಪಾಠ’ ಎಂದು ಸೇರಿಸಿದರೆ ಸಾಕು.

ಅದಕ್ಕಿಂತ ದೊಡ್ಡ ಎಡವಟ್ಟು ‘ದೊ’ (ಪಾಶ್ಚಾತ್ಯ ದೊ-ರೆ-ಮಿ ಹೆಸರುಗಳಲ್ಲಿ ಮೊದಲನೆಯದು) ಇದ್ದಲ್ಲೆಲ್ಲ ‘ಸ’ ಹಾಕುವುದರಲ್ಲಿದೆ. ಹಂಗೇರಿಯ ರಚನಕಾರ ಕೊದಾಯ್ ಹೆಸರಿನ ಬೋಧನಾ ಪದ್ಧತಿಯಲ್ಲಿ ‘ದೊ’ ಚಲಿಸುತ್ತದೆ, ನಮ್ಮ ಷಡ್ಜದಂತೆ ಯಾವ ಶ್ರುತಿಗಾದರೂ ಕೂರುತ್ತದೆ. ಅಲ್ಲಿಯವರೆಗೆ ಹೋಲಿಕೆ ಸರಿ. ಮೇಜರ್ ಶ್ರೇಣಿ ದೊ-ರೆ-ಮಿ-ಫಾ-ಸೊ-ಲಾ-ತಿ ಎಂದರೆ ನಮ್ಮ ಶಂಕರಾಭರಣ. ಆದರೆ ಮೈನರ್ ಶ್ರೇಣಿಗೆ ಬಂದಾಗ ಅವರು ಸ್ವರದ ಹೆಸರು ಬದಲಿಸುವುದಿಲ್ಲ, ಆಧಾರವನ್ನೇ ‘ಲಾ’ಗೆ ಸರಿಸುತ್ತಾರೆ. ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡರೆ ನಟಭೈರವಿ ಬರುತ್ತದಲ್ಲ, ಅದೇ ಗ್ರಹಭೇದ ಇದು. ಕೀರವಾಣಿಯ ಆರೋಹಣವನ್ನು ಕೊದಾಯ್ ಶಾಲೆಯ ಹುಡುಗ ‘ಲಾ ತಿ ದೊ ರೆ ಮಿ ಫಾ ಸಿ ಲಾ’ ಎಂದು ಹಾಡುತ್ತಾನೆ. ‘ಸಿ’ ಎಂದರೆ ಏರಿಸಿದ ‘ಸೊ’. ಏಳನೆಯ ಸ್ವರವನ್ನು ‘ತಿ’ ಎಂದು ಕರೆಯುವುದಕ್ಕೆ ಇದೂ ಒಂದು ಅನುಕೂಲ, ‘ಸಿ’ ಎಂಬ ಹೆಸರು ಖಾಲಿ ಉಳಿಯುತ್ತದೆ. ಇಲ್ಲಿ ದೊಗೆ ಸ ಹಾಕುತ್ತ ಹೋದರೆ ಇಡೀ ಪಾಠ ತಲೆಕೆಳಗು.

‘ಕೋಣೆ ಸಂಗೀತ’ ಬೇಡವೇ ಬೇಡ. ‘ಚೇಂಬರ್ ಸಂಗೀತ’ (ಕೆಲವೇ ವಾದಕರು ಸೇರಿ ನುಡಿಸುವ ಸಂಗೀತ) ಎಂದರೆ ಈಗ ಎಲ್ಲರಿಗೂ ಅರ್ಥವಾಗುತ್ತದೆ. ಸೊನಾಟಾದಲ್ಲಿ ಪಿಟೀಲಿನ ಜೊತೆಗಿರುವ ಪಿಯಾನೋವನ್ನು ‘ಪಕ್ಕವಾದ್ಯ’ ಎನ್ನಬೇಡಿ, ಇಬ್ಬರದೂ ಸಮಪಾಲು. ಆದರೆ ವಿದ್ಯಾರ್ಥಿ ಕನ್ಸರ್ಟೊ (ಒಂಟಿ ವಾದ್ಯ ಮತ್ತು ಆರ್ಕೆಸ್ಟ್ರಾಕ್ಕಾಗಿ ಬರೆದ ಕೃತಿ) ಒಪ್ಪಿಸುವಾಗ ಆರ್ಕೆಸ್ಟ್ರಾದ ಭಾಗವನ್ನು ಪಿಯಾನೋದಲ್ಲಿ ನುಡಿಸಿಕೊಡುವ ‘ಕೊರ್ರೆಪೆತಿತೋರ್’ ಇರುತ್ತಾರೆ, ಅವರಿಗೆ ಪಕ್ಕವಾದ್ಯದವರು ಎಂದರೆ ತಪ್ಪಿಲ್ಲ.

ನೀವು ಕೇಳದಿದ್ದರೂ ಒಂದು ಮಾತು: ‘ಶಿಷ್ಯ’ ಪದವನ್ನು ಅಳೆದು ಬಳಸಿ. ನಮ್ಮಲ್ಲಿ ಶಿಷ್ಯ ಎಂದರೆ ಗುರುವಿನ ಬಾನಿ ಪೂರ್ತಿ ಪಡೆದವನು. ಅಲ್ಲಿ ಒಬ್ಬ ವಿದ್ಯಾರ್ಥಿಗೆ ಮುಖ್ಯ ವಾದ್ಯಕ್ಕೆ ಒಬ್ಬರು, ಚೇಂಬರ್ ಸಂಗೀತಕ್ಕೆ ಇನ್ನೊಬ್ಬರು, ರಚನೆಗೆ ಮತ್ತೊಬ್ಬರು. ರಚನಕಾರ ಬಾರ್ಟೋಕ್ 1907ರಿಂದ 1934ರವರೆಗೆ ಲಿಸ್ಟ್ ಅಕಾಡೆಮಿಯಲ್ಲಿ ಕಲಿಸಿದ್ದು ಪಿಯಾನೋ, ರಚನೆಯಲ್ಲ. ರಚನೆ ಕಲಿಸಿದವರು ಕೊದಾಯ್. ಅಲ್ಲಿಯೇ ಕಲಿಸುತ್ತಿದ್ದ ಲಿಯೋ ವೈನರ್ ಹೆಸರು ಬಂದರೆ ಬಹುಪಾಲು ಚೇಂಬರ್ ಸಂಗೀತದ ತರಗತಿ ಎಂದೇ ತಿಳಿಯಬಹುದು. ‘ಇಂಥವರ ಬಳಿ ಇಂಥದ್ದನ್ನು ಕಲಿತರು’ ಎಂದು ವಿಷಯ ಸಮೇತ ಬರೆಯುವುದು ಕ್ಷೇಮ.

ಇನ್ನೊಂದು ಉತ್ತರ:

ಸರ್ ಹೇಳಿದ ‘ಸಂಗೀತ ಪ್ರೌಢಶಾಲೆ’ಗೆ ಮಾತ್ರ ನನ್ನ ತಕರಾರು. ಕರಪತ್ರ ಓದುವವರು ಅದನ್ನು ಹಾಡು ಕಲಿಸುವ ಮಾಮೂಲಿ ಹೈಸ್ಕೂಲು ಎಂದುಕೊಳ್ಳುತ್ತಾರೆ. ‘ಬಾರ್ಟೋಕ್ ಕನ್ಸರ್ವೇಟರಿಯಲ್ಲಿ ಶಾಲಾ ಹಂತದ ಸಂಗೀತ ಶಿಕ್ಷಣ’ ಎಂದರೆ ಹೆಸರೂ ಉಳಿಯಿತು, ಮಟ್ಟವೂ ತಿಳಿಯಿತು.

ಹೆಸರುಗಳ ಬರವಣಿಗೆ ಬಗ್ಗೆಯೂ ಹೇಳಬೇಕು. ಹಂಗೇರಿಯನ್ನಿನ ತ, ದ ನಮ್ಮ ದಂತ್ಯಗಳೇ. ಒ-ಓ, ಎ-ಏ ಭೇದವೂ ನಮ್ಮಲ್ಲಿರುವಂತೆಯೇ ಇದೆ. ಇಂಗ್ಲಿಷಿನ ದಾರಿ ಹಿಡಿದು ಟ, ಡ ಮಾಡುವ ಅಗತ್ಯವಿಲ್ಲ: ಬರ್ತೋಕ್, ಕೊದಾಯ್, ಲಿಸ್ತ್. ಎಸ್ ಒಂದೇ ಇದ್ದರೆ ಶ, ಎಸ್ ಮತ್ತು ಝಡ್ ಜೊತೆಗಿದ್ದರೆ ಸ. ಆದ್ದರಿಂದ ಆರ್ಕೆಸ್ಟ್ರಾ ನಿರ್ದೇಶಕರ ಹೆಸರು ಶೊಲ್ತಿ, ಆದರೆ ಪಿಟೀಲು ವಾದಕರದು ಸಿಗೆತಿ. ಮನೆತನದ ಹೆಸರು ಮೊದಲು ಬರುವುದರಿಂದ ಹಂಗೇರಿಯನ್ ಮೂಲದಲ್ಲಿ ‘ಬರ್ತೋಕ್ ಬೇಲಾ’ ಎಂದು ಕಂಡರೆ ‘ಬೇಲಾ ಅವರು’ ಎಂದು ಮುಂದುವರಿಸಬೇಡಿ.

ಕೃತಿಗಳ ಪಟ್ಟಿ ಇದ್ದರೆ ಶ್ರುತಿಯ ಹೆಸರನ್ನೂ ಪರೀಕ್ಷಿಸಿ. ಹಂಗೇರಿಯವರು ಜರ್ಮನ್ ಕ್ರಮ ಅನುಸರಿಸುತ್ತಾರೆ: ಇಂಗ್ಲಿಷಿನ ಬಿ ಅವರಿಗೆ ‘ಹಾ’, ಇಂಗ್ಲಿಷಿನ ಬಿ ಫ್ಲ್ಯಾಟ್ ಅವರಿಗೆ ಬರೀ ‘ಬೇ’. ಲಿಸ್ತ್‌ನ ಪ್ರಸಿದ್ಧ ಸೊನಾಟಾ ಅಲ್ಲಿ ‘ಹಾ ಮೊಲ್’ (ಮೊಲ್ ಎಂದರೆ ಮೈನರ್), ನಮಗೆ ಬಿ ಮೈನರ್. ‘ಬೇ ಮೊಲ್’ ಎಂದು ಕಂಡದ್ದನ್ನು ಬಿ ಮೈನರ್ ಎಂದು ಬರೆದರೆ ಕೃತಿಯ ಶ್ರುತಿ ಅರ್ಧ ಸ್ವರ ಮೇಲೆ ಹೋಗಿರುತ್ತದೆ. ಅದು ಬಿ ಫ್ಲ್ಯಾಟ್ ಮೈನರ್.