ತಂತ್ರಜ್ಞಾನದ ಬಗ್ಗೆ ಬರೆಯೋರಿಗೆ ಡೆವಲಪರ್‌ಗಳು ಯಾಕೆ ಮರ್ಯಾದೆ ಕೊಡಬೇಕು?

ಪ್ರಶ್ನೆ: ಕನ್ನಡದಲ್ಲಿ ತಂತ್ರಜ್ಞಾನ ಬರೆಯುವವರನ್ನು ಕಂಡರೆ ಬೆಂಗಳೂರಿನ ಎಷ್ಟೋ ಡೆವಲಪರ್‌ಗಳಿಗೆ ತಾತ್ಸಾರ. "ಒಂದು ಸಾಲು ಕೋಡ್ ಬರೆದಿಲ್ಲ, ಇವರೇನು ಹೇಳೋದು" ಅಂತಾರೆ. ಬರಹಗಾರರನ್ನು ಅಳೆಯೋಕೆ ಬೇರೆ ಅಳತೆಗೋಲು ಇಲ್ವಾ?

ಉತ್ತರ 1: ಇದೆ. ಬರೆದದ್ದನ್ನು ಓಡಿಸಿ ನೋಡಿದ್ದಾರಾ ಅನ್ನೋದು. 'ಬೆಂಗಳೂರು' ಪದವನ್ನೇ ತಗೊಳ್ಳಿ. ಓದುವವರಿಗೆ 4 ಅಕ್ಷರ, ಯೂನಿಕೋಡ್‌ನಲ್ಲಿ 8 ಕೋಡ್ ಪಾಯಿಂಟ್ (ಮೂಲಾಕ್ಷರ, ಸ್ವರಚಿಹ್ನೆ, ಅನುಸ್ವಾರಕ್ಕೆ ಕೊಟ್ಟ ಒಂದೊಂದು ಸಂಖ್ಯೆ), ಅದನ್ನು ಕಂಪ್ಯೂಟರಿನಲ್ಲಿ ಉಳಿಸುವ ವಿಧಾನವಾದ ಯುಟಿಎಫ್-8ರಲ್ಲಿ 24 ಬೈಟ್. ಮೈಎಸ್‌ಕ್ಯೂಎಲ್‌ನ ವಾರ್‌ಚಾರ್(8)ರಲ್ಲಿ, ಅಂದ್ರೆ ಆ ಡೇಟಾಬೇಸಿನ 8ರ ಮಿತಿಯ ಪಠ್ಯದ ಕಾಲಮ್‌ನಲ್ಲಿ, ಇದು ಹಿಡಿಯುತ್ತೆ, ಅಲ್ಲಿ ಎಣಿಸೋದು ಕೋಡ್ ಪಾಯಿಂಟ್. ಒರಾಕಲ್‌ನ ವಾರ್‌ಚಾರ್2(20)ರಲ್ಲಿ, ಅಂದ್ರೆ ಇನ್ನೊಂದು ಡೇಟಾಬೇಸಿನ ಅಂಥದೇ ಕಾಲಮ್‌ನಲ್ಲಿ, ಹಿಡಿಯಲ್ಲ, ಅಲ್ಲಿ ಡೀಫಾಲ್ಟ್ ಎಣಿಕೆ ಬೈಟ್‌ನದು. '20 ಚಾರ್' ಅಂತ ಘೋಷಿಸಿದರೆ ಅಲ್ಲೂ ಕೋಡ್ ಪಾಯಿಂಟ್ ಎಣಿಸಿ ಸರಿಹೋಗುತ್ತೆ. ಬರೀ ಇಂಗ್ಲಿಷ್ ಡೇಟಾದಲ್ಲಿ ಟೆಸ್ಟ್ ಮಾಡುವ ಅನುಭವಿಗಳೂ ಇಲ್ಲಿ ಎಡವುತ್ತಾರೆ. ಇದನ್ನು ಬಿಡಿಸಿ ಬರೆದವರು ಕೋಡ್ ಬರೆದಿರಲಿ ಬಿಡಲಿ, ಗೌರವಕ್ಕೆ ಅರ್ಹರು.

ಉತ್ತರ 2: ಒಪ್ಪುತ್ತೇನೆ, ಆದರೆ ಕಾರಣವೂ ಸರಿ ಇರಬೇಕು. "ಕನ್ನಡಕ್ಕೆ ಯುಟಿಎಫ್8ಎಂಬಿ4 ಬೇಕೇ ಬೇಕು" ಅಂತ ಬರೆಯೋದು ತಪ್ಪು. ಅದು ಒಂದು ಕೋಡ್ ಪಾಯಿಂಟಿಗೆ 4 ಬೈಟ್ ತನಕ ಹಿಡಿಯುವ ಮೈಎಸ್‌ಕ್ಯೂಎಲ್ ಸೆಟ್ಟಿಂಗ್. ಕನ್ನಡದ ಕೋಡ್ ಪಾಯಿಂಟ್ ಒಂದಕ್ಕೆ 3 ಬೈಟ್, ಅಷ್ಟನ್ನೇ ಹಿಡಿಯುವ ಹಳೆಯ ಯುಟಿಎಫ್8ಎಂಬಿ3 ಸಾಕು. ಜೊತೆಗೆ 4 ಬೈಟಿನ ಎಮೋಜಿ ಬಂದಾಗ ಸ್ಟ್ರಿಕ್ಟ್ ಮೋಡ್‌ನಲ್ಲಿ (ತಪ್ಪು ಡೇಟಾವನ್ನು ತಿರಸ್ಕರಿಸುವ ಸೆಟ್ಟಿಂಗ್) ಇನ್ಸರ್ಟ್, ಅಂದ್ರೆ ಡೇಟಾ ಸೇರಿಸೋದು, ವಿಫಲವಾಗುತ್ತೆ, ಎಂಬಿ4 ಬೇಕಾಗೋದು ಅದಕ್ಕೆ. ಕಾರಣ ತಪ್ಪಾದರೆ ಓದುಗ ಮುಂದಿನ ದೋಷವನ್ನು ತಪ್ಪು ಜಾಗದಲ್ಲಿ ಹುಡುಕುತ್ತಾನೆ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಲೇಖನದಲ್ಲಿ ಏನು ನೋಡಬೇಕು ಸರ್?

ಉತ್ತರ 2: ಸಾಫ್ಟ್‌ವೇರಿನ ಯಾವ ಆವೃತ್ತಿ, ಬಂದ ಎರರ್‌ನ ಪೂರ್ತಿ ಪಠ್ಯ, ಕೊನೆಗೆ ತಿದ್ದಿದ ದಿನಾಂಕ. ಆವೃತ್ತಿ ಇಲ್ಲದ ಲೇಖನವನ್ನು ನಾನು ಪ್ರೊಡಕ್ಷನ್ (ಜನ ಬಳಸುತ್ತಿರುವ ನಿಜವಾದ ಸಿಸ್ಟಮ್) ಹತ್ತಿರ ತರಲ್ಲ.