ಕ್ಷಮಿಸಿದ್ದೇನೆ ಎಂದ ಮೇಲೂ ಕಹಿ ಏಕೆ ಉಳಿಯುತ್ತದೆ?

ಪ್ರಶ್ನೆ: ಮಲೆನಾಡಿನ ಸಹೋದರಿ

ನಮ್ಮ ತಂದೆಯವರು ಉಯಿಲು ಬರೆಯದೆ ತೀರಿಕೊಂಡರು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಕ್ರೈಸ್ತರಲ್ಲಿ ಮಗನಿಗೂ ಮಗಳಿಗೂ ಸಮಪಾಲು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಬ್ಯಾಂಕಿನ ಸಾಲಕ್ಕೆ ಬೇಕೆಂದು ಅಣ್ಣ ಹೇಳಿದ ಕಾಗದಕ್ಕೆ ಓದದೆ ಸಹಿ ಹಾಕಿದೆ. ಅದು ತೋಟದ ಮೇಲಿನ ನನ್ನ ಹಕ್ಕನ್ನು ಅವನಿಗೆ ಬಿಟ್ಟುಕೊಡುವ ಬಿಡುಗಡೆ ಪತ್ರವೆಂದು ಎರಡು ವರ್ಷಗಳ ನಂತರ ಗೊತ್ತಾಯಿತು. ಅವನೀಗ ನಮ್ಮ ಸಭೆಯ ಹಿರಿಯರಲ್ಲಿ ಒಬ್ಬ. ಭಾನುವಾರ ಕಾಣಿಕೆಯ ಚೀಲ ಹಿಡಿದು ನನ್ನ ಸಾಲಿಗೆ ಬಂದು ನಿಂತಾಗ ನನ್ನ ಕೈ ನಡುಗುತ್ತದೆ. ದೇವರ ಮುಂದೆ ಎಷ್ಟೋ ಬಾರಿ ಕ್ಷಮಿಸಿದ್ದೇನೆ ಎಂದು ಹೇಳಿದ್ದೇನೆ, ಆದರೂ ಬೀರುವಿನಲ್ಲಿರುವ ಆ ಪತ್ರದ ನಕಲನ್ನು ತೆಗೆದು ಓದುವ ಅಭ್ಯಾಸ ಬಿಟ್ಟಿಲ್ಲ. ಮೊನ್ನೆ ಮಾವ ಬರುವುದನ್ನು ಕಂಡ ನನ್ನ ಮಗಳು, ನಾನು ಏನೂ ಹೇಳದಿದ್ದರೂ, ಬಾಗಿಲು ಹಾಕಿಕೊಂಡಳು. ಇಂಥ ಮನಸ್ಸಿನಿಂದ ಕರ್ತನ ಭೋಜನದಲ್ಲಿ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದಲ್ಲಿ) ಪಾಲುಗೊಳ್ಳಬಹುದೇ?

ಉತ್ತರ: ನಿವೃತ್ತ ಸಭಾಪಾಲಕ

ಸಹೋದರಿ, ಕಡೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂಬ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ ಮಾತನ್ನು ನೊಂದವರ ಮೇಲೆಯೇ ಹೊರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಗಮನವಿಟ್ಟು ಓದಿದರೆ, ಯಾರ ಮೇಲೆ ಸಹೋದರನಿಗೆ ದೂರು ಇದೆಯೋ ಅವನಿಗೆ ಹೇಳಿದ ಮಾತು ಅದು. ಅಂದರೆ ಚೀಲವನ್ನು ಕೆಳಗಿಟ್ಟು ಬರಬೇಕಾದವರು ನಿಮ್ಮ ಅಣ್ಣನವರು. ನಿಮಗೆ ಅನ್ವಯಿಸುವ ವಾಕ್ಯ ಮಾರ್ಕ 11:25, ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿರಿ ಎಂಬುದು. ಅದು ನಿಂತ ಕಡೆಯಲ್ಲೇ, ಅವರು ಕೇಳದಿದ್ದರೂ ಮಾಡಬಹುದಾದ ಕೆಲಸ. ಆದುದರಿಂದ ಭೋಜನವನ್ನು ಬಿಡಬೇಡಿ.

ಇನ್ನು ಕಹಿಯ ವಿಷಯ. ಮತ್ತಾಯ 18ರ ಸಾಮ್ಯದಲ್ಲಿ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯಲ್ಲಿ, ಅರಸನು ತನ್ನ ಆಳಿಗೆ ಬಿಟ್ಟುಕೊಟ್ಟ ಸಾಲ ಹತ್ತು ಸಾವಿರ ತಲಾಂತು. ಜೊತೆಯ ಆಳು ಆ ಆಳಿಗೆ ಕೊಡಬೇಕಾಗಿದ್ದು, ಅವನು ಬಿಟ್ಟುಕೊಡದೆ ಹೋದುದು ನೂರು ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ, ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಮೊದಲನೆಯದು ಆರು ಕೋಟಿ ದಿನಗಳ ದುಡಿಮೆಯಾಯಿತು. ಬೋಧಕರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ನಿನ್ನ ನಷ್ಟ ಯಾವ ಲೆಕ್ಕ ಎಂದುಬಿಡುತ್ತಾರೆ. ಆದರೆ ನೂರು ದಿನಗಳ ಕೂಲಿ ಬಡವನಿಗೆ ಸಣ್ಣ ಮೊತ್ತವಲ್ಲ, ಅದು ಮೂರು ತಿಂಗಳಿಗೂ ಹೆಚ್ಚಿನ ಅನ್ನ. ಆ ಸಾಲ ಇರಲೇ ಇಲ್ಲವೆಂದು ಯೇಸು ಹೇಳಲಿಲ್ಲ. ನಿಮ್ಮ ತೋಟವೂ ಹಾಗೆಯೇ, ನಿಜವಾದ ನಷ್ಟ. ಅದನ್ನು ಸಣ್ಣದೆಂದು ನಂಬಲು ನೀವು ನಡೆಸಿದ ಪ್ರಯತ್ನವೇ ಕಹಿಯನ್ನು ಒಳಗೆ ಉಳಿಸಿರಬಹುದೆಂದು ನನ್ನ ಅನಿಸಿಕೆ.

ಕ್ಷಮಿಸು ಎಂಬುದಕ್ಕೆ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಬಳಸಿರುವ ‘ಅಫಿಯೆಮಿ’ ಎಂಬ ಕ್ರಿಯಾಪದಕ್ಕೆ ಬಿಟ್ಟುಬಿಡು ಎಂಬ ಅರ್ಥವಿದೆ. ಶಿಷ್ಯನಾದ ಪೇತ್ರನು ಬಲೆಗಳನ್ನು ಬಿಟ್ಟು ಯೇಸುವನ್ನು ಹಿಂಬಾಲಿಸಿದನು ಎಂಬಲ್ಲಿಯೂ ಅದೇ ಪದವಿದೆ. ಮುಂದೆ ಸಹೋದರನನ್ನು ಎಷ್ಟು ಸಾರಿ ಕ್ಷಮಿಸಬೇಕು ಎಂದು ಕೇಳಿದವನೂ ಅದೇ ಪೇತ್ರ. (ಅವನ ಒಡಹುಟ್ಟಿದ ಅಂದ್ರೆಯನೂ ಹನ್ನೆರಡು ಮಂದಿ ಶಿಷ್ಯರಲ್ಲಿದ್ದನೆಂಬುದನ್ನು ನೆನೆದಾಗ ನನಗೆ ನಗು ಬರುವುದುಂಟು.) ಒಂದು ಬಿಡುಗಡೆ ಪತ್ರಕ್ಕೆ ನೀವು ತಿಳಿಯದೆ ಸಹಿ ಹಾಕಿದಿರಿ, ಈ ಎರಡನೆಯದಕ್ಕೆ ತಿಳಿದೇ ಸಹಿ ಹಾಕಬೇಕಾಗುತ್ತದೆ, ಅದೂ ಒಂದೇ ಬಾರಿಯಲ್ಲ, ಕೈ ನಡುಗಿದ ಪ್ರತಿ ಭಾನುವಾರ.

ಉತ್ತರ: ಕರಾವಳಿಯ ಓದುಗ

ಅಯ್ಯನವರ ಮಾತನ್ನು ಒಪ್ಪುತ್ತೇನೆ. ಆದರೆ ಕ್ಷಮೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಯಾರೂ ತಿಳಿಯಬಾರದು. ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಮಕ್ಕಳಾದ ಹತ್ತು ವರ್ಷದ ಫಿಲಿಪ್ ಮತ್ತು ಆರು ವರ್ಷದ ತಿಮೊಥಿಯನ್ನೂ ವಾಹನದೊಳಗೆ ಸುಟ್ಟು ಕೊಂದಾಗ, ಪತ್ನಿ ಗ್ಲ್ಯಾಡಿಸ್ ಅವರು ಕೊಂದವರನ್ನು ಕ್ಷಮಿಸಿದ್ದೇನೆ ಎಂದರು ಮತ್ತು ಬಾರಿಪದದ ಕುಷ್ಠರೋಗಿಗಳ ಸೇವೆಯನ್ನು ವರ್ಷಗಟ್ಟಲೆ ಮುಂದುವರಿಸಿದರು. ಅದರಿಂದ ನ್ಯಾಯಾಲಯದ ವಿಚಾರಣೆ ನಿಲ್ಲಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಆ ತಾಯಿಯ ಹೆಸರು ಹೇಳಿ, ಅವರೇ ಕ್ಷಮಿಸಿದ ಮೇಲೆ ನಿನ್ನದೇನು ಎಂದು ನೊಂದವರ ಬಾಯಿ ಮುಚ್ಚಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ತಪ್ಪು ಮಾಡಿದ ಸಹೋದರನನ್ನು ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂಬುದೂ ಯೇಸುವಿನ ಮಾತೇ. ವ್ಯಾಜ್ಯ ಹೂಡುವುದಕ್ಕಿಂತ ಅನ್ಯಾಯವನ್ನು ಏಕೆ ಸಹಿಸಬಾರದು ಎಂದು ಪೌಲನು ಕೊರಿಂಥದವರಿಗೆ ಬರೆದಿರುವುದೂ ನಿಜ, ಆದರೆ ಅದೇ ಅಧ್ಯಾಯದಲ್ಲಿ ಸಹೋದರರಿಗೆ ಮೋಸಮಾಡುವವರನ್ನು ಅವನು ಬಿಟ್ಟಿಲ್ಲ. ಮೊದಲು ಒಬ್ಬರೇ ಹೋಗಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ ಮಾತನಾಡಬೇಕೆಂಬ ಕ್ರಮ ಮತ್ತಾಯ 18ರಲ್ಲಿ, ಅಯ್ಯನವರು ಹೇಳಿದ ಸಾಮ್ಯಕ್ಕೆ ಸ್ವಲ್ಪ ಮುಂಚೆಯೇ ಇದೆ.

ಉತ್ತರ: ಭಾನುವಾರ ಶಾಲೆಯ ಶಿಕ್ಷಕಿ

ನಿಮ್ಮ ಮಗಳ ಬಗ್ಗೆ ಮಾತ್ರ ಒಂದು ಮಾತು. ಇಬ್ರಿಯರಿಗೆ ಬರೆದ ಪತ್ರದಲ್ಲಿ (12:15) ಕಹಿಯ ಬೇರು ಚಿಗುರಿದರೆ ಅದರಿಂದ ಅನೇಕರು ಮಲಿನರಾಗುತ್ತಾರೆ ಎಂಬ ಎಚ್ಚರಿಕೆಯಿದೆ. ಮಕ್ಕಳು ನಾವು ಹೇಳಿದ್ದಕ್ಕಿಂತ ಹೇಳದೆ ಬಿಟ್ಟಿದ್ದನ್ನು ಬೇಗ ಕಲಿಯುತ್ತಾರೆ. ನಡೆದುದನ್ನು ಅವಳಿಗೆ ನೇರವಾಗಿ ತಿಳಿಸಿ, ಮಾವನೊಂದಿಗೆ ಅವಳಿಗೆ ಯಾವ ಜಗಳವೂ ಇಲ್ಲವೆಂದು ಹೇಳಿ. ಬೈಬಲಿನ ರೂತಳ ಕಥೆಯಲ್ಲಿ, ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ಮರಳಿದ ನೊವೊಮಿ ತನ್ನನ್ನು ಮಾರಾ, ಅಂದರೆ ಕಹಿಯಾದವಳು, ಎಂದು ಕರೆಯಿರಿ ಎಂದು ಊರ ಹೆಂಗಸರೆದುರು ಬಾಯಿಬಿಟ್ಟೇ ಹೇಳಿದಳು. ದೇವರು ಅದಕ್ಕಾಗಿ ಅವಳನ್ನು ದಂಡಿಸಲಿಲ್ಲ.

ಮಲೆನಾಡಿನ ಸಹೋದರಿ

ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಮಗಳೊಂದಿಗೆ ಮಾತನಾಡಿದೆ. ಅವಳು ಬಹಳ ಹೊತ್ತು ಅತ್ತಳು, ನಾನೂ ಅತ್ತೆ. ಬರುವ ಶನಿವಾರ ಅಣ್ಣನನ್ನು ಒಬ್ಬಳೇ ಹೋಗಿ ಕಾಣುತ್ತೇನೆ. ಆ ಪತ್ರದ ನಕಲನ್ನು ಜೊತೆಗೆ ಒಯ್ಯಬೇಕೇ, ಬೇಡವೇ ಎಂಬುದನ್ನು ಮಾತ್ರ ಇನ್ನೂ ನಿರ್ಧರಿಸಲಾಗಿಲ್ಲ.